ಉತ್ಸವವೂ ದಾಸೋಹವೂ

ಇಷ್ಟಲಿಂಗಪೂಜೆಯು ಒಬ್ಬೊಬ್ಬರ ಸ್ವಂತ ಸಾಧನೆ. ತಂದೆ ಪೂಜಿಸಿದ ಮಾತ್ರಕ್ಕೆ ಮಗನ ಕರ್ತವ್ಯ ತೀರುವುದಿಲ್ಲ. ಹೀಗಿರುವಾಗ, ಅಂಗೈಯಲ್ಲಿಯೇ ಲಿಂಗವುಳ್ಳ ಭಕ್ತನಿಗೆ ಬೀದಿಯ ಉತ್ಸವವೇಕೆ? ಪ್ರಶ್ನೆಯು ಸಾಧುವಾದುದೇ. ಅದಕ್ಕೆ ಉತ್ತರವು ಅಷ್ಟಾವರಣದಲ್ಲಿಯೇ ಇದೆ. ಅಲ್ಲಿ ಗುರು ಲಿಂಗಗಳೊಡನೆ ಜಂಗಮವನ್ನೂ ಪೂಜ್ಯವೆಂದು ಹೇಳಿದೆ. ಲಿಂಗದಲ್ಲಿ ಮೊದಲಾದ ಪೂಜೆಯು ಜಂಗಮದಾಸೋಹದಲ್ಲಿ ಪೂರ್ಣವಾಗುತ್ತದೆ. ಆ ದಾಸೋಹಕ್ಕೆ ಊರನ್ನೆಲ್ಲ ಒಂದುಗೂಡಿಸುವ ಸಾಧನವೇ ಉತ್ಸವ.

ಬಸವ ಜಯಂತಿಯ ಇತಿಹಾಸವೇ ಇದಕ್ಕೆ ನಿದರ್ಶನ. ಮಹಾರಾಷ್ಟ್ರದಲ್ಲಿ ಲೋಕಮಾನ್ಯ ತಿಲಕರು 1893ರ ಸುಮಾರಿಗೆ ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪವನ್ನು ಕೊಟ್ಟಿದ್ದರು. ತಿಲಕರ ವಿಚಾರಗಳಿಂದ ಪ್ರಭಾವಿತರಾದ ಹರ್ಡೇಕರ ಮಂಜಪ್ಪನವರು, ದಾವಣಗೆರೆಯ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳವರ ಆಶ್ರಯದಲ್ಲಿ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಅದು ಊರಿಂದೂರಿಗೆ ಹಬ್ಬಿ, ವೈಶಾಖ ಶುದ್ಧ ತದಿಗೆಯು ಇಂದು ನಾಡಿನ ಹಬ್ಬವಾಗಿದೆ. ಮೆರವಣಿಗೆಯು ಅದರ ಹೊರರೂಪ. ಶರಣರ ವಿಚಾರವನ್ನು ಜನರ ಬಳಿಗೆ ಕೊಂಡೊಯ್ಯುವುದು ಅದರ ಒಳಗುರಿ.

ಹೊರರೂಪವು ಬೆಳೆದು ಒಳಗುರಿಯು ಕುಗ್ಗಿದರೆ ಉತ್ಸವವು ಬರಿಯ ಆಡಂಬರವಾಗುತ್ತದೆ. ದೀಪಾಲಂಕಾರದಲ್ಲಿ ಪಕ್ಕದ ಓಣಿಯನ್ನು ಮೀರಿಸುವ ಹಟ, ವಂತಿಗೆಯ ಪಟ್ಟಿಯಲ್ಲಿ ಹೆಸರು ಮೇಲಿರಬೇಕೆಂಬ ಆಸೆ, ಮಾನಕ್ಕಂಜಿ ಬಡ ಗೃಹಸ್ಥನು ಮಾಡುವ ಸಾಲ, ಇವು ಶರಣಮಾರ್ಗಕ್ಕೆ ಒಪ್ಪುವಂಥವಲ್ಲ. ಕಾಯಕದಿಂದ ಬಂದುದನ್ನು ಶಕ್ತಿಯಿದ್ದಷ್ಟು ಸಲ್ಲಿಸುವುದು ದಾಸೋಹ. ಸಾಲ ತಂದು ಸಲ್ಲಿಸುವುದು ದಾಸೋಹವಲ್ಲ.

ಒಳ್ಳೆಯ ಮಾದರಿಗಳು ನಮ್ಮಲ್ಲಿಯೇ ಇವೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಗಳ ಭಕ್ತರು ಮನೆಯಲ್ಲಿ ತಟ್ಟಿದ ರೊಟ್ಟಿಗಳನ್ನೂ ಹೊಲದಲ್ಲಿ ಬೆಳೆದ ಕಾಳುಕಡ್ಡಿಗಳನ್ನೂ ಹೇರಿಕೊಂಡು ಬಂದು ಮಹಾದಾಸೋಹಕ್ಕೆ ಅರ್ಪಿಸುತ್ತಾರೆ. ಸುತ್ತೂರು ಜಾತ್ರೆಯಲ್ಲಿ ಸಾಮೂಹಿಕ ವಿವಾಹಗಳು ನೆರವೇರುತ್ತವೆ. ಅದರಿಂದ ಎಷ್ಟೋ ಮನೆಗಳು ಮದುವೆಯ ಸಾಲದಿಂದ ಪಾರಾಗುತ್ತವೆ. ಒಂದು ಕಡೆ ಉಳ್ಳದ್ದನ್ನು ಹಂಚಿದುದು, ಇನ್ನೊಂದು ಕಡೆ ಇಲ್ಲದವನ ಹೊರೆಯನ್ನು ಇಳಿಸಿದುದು, ಎರಡೂ ದಾಸೋಹವೇ.

ಆದುದರಿಂದ ಸದ್ಭಕ್ತರು ಉತ್ಸವವನ್ನು ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬೇಕು. ವೆಚ್ಚವಾದ ಹಣವು ಕಾಯಕದಿಂದ ಬಂದುದೇ? ಪ್ರಸಾದದ ಪಂಕ್ತಿಯಲ್ಲಿ ಕುಲವನ್ನೂ ಸಿರಿತನವನ್ನೂ ಎಣಿಸದೆ ಎಲ್ಲರೂ ಕುಳಿತರೇ? ಚಪ್ಪರವನ್ನು ಬಿಚ್ಚಿದ ಮರುದಿನ ಊರಿನಲ್ಲಿ ಏನು ಉಳಿಯಿತು? ಒಬ್ಬ ಬಡ ವಿದ್ಯಾರ್ಥಿಗೆ ಪುಸ್ತಕ ದೊರೆತಿದ್ದರೆ, ಮುನಿಸಿಕೊಂಡಿದ್ದ ಎರಡು ಮನೆಗಳು ಕೂಡಿದ್ದರೆ, ಉತ್ಸವವು ಸಾರ್ಥಕವಾಯಿತೆಂದು ತಿಳಿಯಬೇಕು.

ಹಣವಿದ್ದವರು ಹೆಸರನ್ನು ಬಯಸದೆ ಕೊಡಲಿ. ಇಲ್ಲದವರು ನೀರು ಹೊತ್ತು, ಪಂಕ್ತಿಗೆ ಬಡಿಸಿ ಸೇವೆ ಸಲ್ಲಿಸಲಿ. ಈ ಎರಡರಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಎಂಬ ಭಾವವು ಅಳಿದಂದೇ ನಮ್ಮ ಉತ್ಸವವು ಶರಣರು ಒಪ್ಪುವ ಉತ್ಸವವಾದೀತು.