ಏಕಾದಶಿಯ ತಲೆನೋವು

ಏಕಾದಶಿಯಂದು ಮಧ್ಯಾಹ್ನವಾಗುವುದರೊಳಗೆ ತಲೆ ಸಿಡಿಯತೊಡಗುತ್ತದೆ, ಪಾರಾಯಣದಲ್ಲಿ ಮನಸ್ಸು ನಿಲ್ಲದು, ಆದುದರಿಂದ ಉಪವಾಸವು ತಮ್ಮಂಥವರಿಗಲ್ಲ ಎಂದು ಆಸ್ತಿಕರನೇಕರು ಹೇಳುವುದುಂಟು. ನಾವೂ ಹೀಗೆಯೇ ನಂಬಿದ್ದೆವು. ಒಂದು ಹರಿದಿನದಂದು ತಲೆಶೂಲೆಯಿಂದ ಪಾರಾಯಣವನ್ನು ಅರ್ಧಕ್ಕೆ ಬಿಟ್ಟು ಎದ್ದಾಗ, ನಮ್ಮ ತೀರ್ಥರೂಪರು, "ನಿನಗೆ ಬೇಕಾಗಿರುವುದು ಅನ್ನವೋ, ಕಾಫಿಯೋ?" ಎಂದು ಕೇಳಿದರು. ಉತ್ತರ ಕೊಡಲು ನಾಚಿಕೆಯಾಯಿತು.

ವಿಚಾರಿಸಿ ನೋಡಿದರೆ ಆ ಪ್ರಶ್ನೆಯಲ್ಲಿ ತಥ್ಯವಿತ್ತು. ನಾವು ಎಚ್ಚರವಾಗಿರುವಷ್ಟು ಕಾಲವೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಸಂಚಯವಾಗುತ್ತ ಹೋಗಿ ನಿದ್ರೆಯನ್ನು ಕರೆಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಆ ದ್ರವ್ಯವು ಸೇರಬೇಕಾದ ಸ್ಥಾನಗಳನ್ನು ತಾನು ಆಕ್ರಮಿಸುತ್ತದೆ. ಆಯಾಸವು ಮರೆಯಾಗುವುದೇ ಹೊರತು ಪರಿಹಾರವಾಗುವುದಿಲ್ಲ. ನಿತ್ಯವೂ ಸೇವಿಸುವವರ ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದಾಗ ಮೆದುಳಿನ ರಕ್ತನಾಳಗಳು ಹಿಗ್ಗಿ ತಲೆನೋವು, ಮಂಪರು, ಸಿಡುಕು ಕಾಣಿಸಿಕೊಳ್ಳುತ್ತವೆ. ಇವು ಸಾಮಾನ್ಯವಾಗಿ ಕೊನೆಯ ಸೇವನೆಯಾದ 12ರಿಂದ 24 ಗಂಟೆಗಳಲ್ಲಿ ಆರಂಭವಾಗುತ್ತವೆ. ದಶಮಿಯ ಮಧ್ಯಾಹ್ನ ಕೊನೆಯ ಲೋಟ ಕುಡಿದವರಿಗೆ ಏಕಾದಶಿಯ ಮಧ್ಯಾಹ್ನದೊಳಗೆ ಈ ಅವಧಿ ತುಂಬುತ್ತದೆಯಷ್ಟೆ! ಹಸಿವು ಬಾಯಾರಿಕೆಗಳಿಂದಲೂ ತಲೆ ನೋಯಬಹುದು, ನಿಜ. ಆದರೆ ಪಾರಣೆಯ ಅನ್ನಕ್ಕೆ ಹೋಗದ ನೋವು ಅನಂತರದ ಕಾಫಿಗೆ ಹೋಗುವುದಾದರೆ, ಅಪರಾಧಿ ಯಾರೆಂಬುದು ಸ್ಪಷ್ಟ.

ಇದೇ ಅಭ್ಯಾಸವು ನಿದ್ರೆಯನ್ನೂ ಕೆಡಿಸುತ್ತದೆ. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದುದರ ಅರ್ಧಾಂಶ ರಾತ್ರಿ 10ಕ್ಕೂ ಉಳಿದಿರುತ್ತದೆ. ವಯಸ್ಕರಿಗೆ 7 ಗಂಟೆಗಳಾದರೂ ನಿದ್ರೆ ಅವಶ್ಯ. ತಡವಾಗಿ ಮಲಗಿದವರು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗುವ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದರೂ ಜಪಕ್ಕೆ ಕುಳಿತಲ್ಲಿಯೇ ತೂಕಡಿಸುವರು. ಅದನ್ನು ಕಳೆಯಲು ಮತ್ತೆ ಕಾಫಿ! ಗೀತೆಯ ಆರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಆಹಾರ, ವಿಹಾರ, ನಿದ್ರೆ, ಎಚ್ಚರ ಇವೆಲ್ಲವೂ ಮಿತವಾಗಿರಬೇಕೆಂದು ಒಟ್ಟಾಗಿಯೇ ಬೋಧಿಸಿರುವುದು ಇಲ್ಲಿ ಸ್ಮರಣೀಯ. ಒಂದು ಕೆಟ್ಟರೆ ಮಿಕ್ಕವು ನಿಲ್ಲವು.

ಹಾಗಾದರೆ ಮಾಡಬೇಕಾದುದೇನು? ಹಠದಿಂದ ಒಂದೇ ದಿನ ಬಿಡುವುದಕ್ಕಿಂತ ಕ್ರಮಕ್ರಮವಾಗಿ ಇಳಿಸುವುದು ಲೇಸು. ನಾವು ಮೊದಲು ಸಂಜೆಯ ಲೋಟವನ್ನು ಬಿಟ್ಟೆವು. ಬಳಿಕ ಬೆಳಗಿನದರಲ್ಲಿ ಡಿಕಾಕ್ಷನ್ನನ್ನು ದಿನದಿನಕ್ಕೆ ಕಡಿಮೆ ಮಾಡಿದೆವು. ಮೂರನೆಯ ಏಕಾದಶಿಗೆ ಪಾರಾಯಣ ಪೂರ್ತಿಯಾಯಿತು. ಹಸಿವು ಇದ್ದಿತು, ನೋವು ಇರಲಿಲ್ಲ. ಆದರೆ ಮಧುಮೇಹವುಳ್ಳವರು, ಗರ್ಭಿಣಿಯರು, ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಉಪವಾಸವನ್ನು ನಿಶ್ಚಯಿಸತಕ್ಕದ್ದು.

ಉಪವಾಸವೆಂದರೆ ಭಗವಂತನ ಸಮೀಪದಲ್ಲಿ ವಾಸ. ಅಂದು ಮನಸ್ಸು ಯಾರ ಸಮೀಪದಲ್ಲಿರುವುದೆಂಬುದನ್ನು ಮಿಕ್ಕ ಹದಿನಾಲ್ಕು ದಿನಗಳ ಅಭ್ಯಾಸವೇ ನಿರ್ಧರಿಸುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.