ಬಾಂಡ್ ಪೇಪರಿನಲ್ಲಿ ತೀರದ ಲೆಕ್ಕ

ಮುದಗಲ್ ಬಿಟ್ಟು ಸಿಂಧನೂರಿನಲ್ಲಿ ಹೊಸ ಅಕ್ಕಿ ಗಿರಣಿ ಹಾಕಿರುವ ತಮ್ಮನಿಗೆ,

ಬ್ಯಾಂಕಿನವರು ಸಾಲ ಕೊಡುವಾಗ ಯಂತ್ರಕ್ಕೆ, ಕಟ್ಟಡಕ್ಕೆ, ದಾಸ್ತಾನಿಗೆ ವಿಮೆ ಮಾಡಿಸದೆ ಬಿಡುವುದಿಲ್ಲ. ಆ ಯಂತ್ರದ ಮುಂದೆ ನಿಲ್ಲುವ ಮನುಷ್ಯನ ವಿಮೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಈ ಪತ್ರ ಅದಕ್ಕಾಗಿ.

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ಸೀಮೆಯನ್ನು ಭತ್ತದ ನಾಡು ಮಾಡಿದೆ. ಸುಗ್ಗಿ ಬಂತೆಂದರೆ ಗಿರಣಿಗಳು ಹಗಲುರಾತ್ರಿ ಓಡುತ್ತವೆ. ನಿದ್ದೆಗೆಟ್ಟ ಹುಡುಗ, ಬೆಲ್ಟ್ ಜಾರಿತೆಂದು ಮೋಟಾರು ನಿಲ್ಲಿಸದೆ ಕೈ ಹಾಕುತ್ತಾನೆ. ಬೆಲ್ಟಿಗೂ ಪುಲ್ಲಿಗೂ ನಡುವೆ ಹೆಬ್ಬೆರಳು ಸಿಕ್ಕರೆ ಕೂಗುವಷ್ಟು ಹೊತ್ತೂ ಇರುವುದಿಲ್ಲ. ಆಮೇಲೆ ನಡೆಯುವುದು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಮಾಲೀಕ ಗಾಬರಿಬಿದ್ದು ಆಸ್ಪತ್ರೆಗೆ ಒಯ್ಯುತ್ತಾನೆ, ಬಿಲ್ಲು ಕಟ್ಟುತ್ತಾನೆ. ನಾಲ್ಕು ಮಂದಿ ಹಿರಿಯರು ಕೂತು ಇಷ್ಟು ರೊಕ್ಕ ಎಂದು ರಾಜಿ ಮಾಡಿಸುತ್ತಾರೆ. ಇನ್ನು ಯಾವ ತಕರಾರೂ ಇಲ್ಲವೆಂದು ಬಾಂಡ್ ಪೇಪರಿನ ಮೇಲೆ ಸಹಿಯಾಗುತ್ತದೆ, ಮಾಲೀಕ ಉಸ್ಸಪ್ಪ ಎನ್ನುತ್ತಾನೆ.

ಆ ಕಾಗದ ಅವನನ್ನು ಕಾಯುವುದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಕಾನೂನಿನಲ್ಲಿ ಅನೂರ್ಜಿತ. ರಾಜಿಯಾದರೂ ಅದನ್ನು ಪರಿಹಾರ ಆಯುಕ್ತರಲ್ಲಿ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಎನಿಸಿದರೆ ಅವರು ನೋಂದಣಿಗೆ ಒಪ್ಪದೆಯೂ ಇರಬಹುದು.

ಈ ಕಾನೂನು ನಿನ್ನೆ ಮೊನ್ನೆಯದಲ್ಲ. 1923ರಲ್ಲಿ ಆಗಿ, 1924ರ ಜುಲೈ 1ರಿಂದ ನಡೆದುಬಂದದ್ದು. 2010ರಲ್ಲಿ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈಗ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಬುನಾದಿ ಮಾತ್ರ ಬದಲಾಗಿಲ್ಲ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಅಪಘಾತವಾದರೆ ಮಾಲೀಕ ಪರಿಹಾರ ಕೊಡಬೇಕು. ಮಾಲೀಕನ ತಪ್ಪಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆಳು ಕುಡಿದಿದ್ದ, ಹೇಳಿದ್ದನ್ನು ಬೇಕೆಂದೇ ಮೀರಿದ, ರಕ್ಷಣೆಯ ಜಾಲರಿಯನ್ನು ತಾನೇ ಕಿತ್ತಿದ್ದ ಎಂಬ ವಾದಗಳಿಗೆ ಸಣ್ಣ ಗಾಯದಲ್ಲಿ ಜಾಗವುಂಟು. ಆದರೆ ಸಾವಾದಾಗ, ಅಥವಾ ಅವನು ದುಡಿಯುವ ಶಕ್ತಿಯನ್ನೇ ಪೂರ್ತಿ ಕಳೆದುಕೊಂಡಾಗ, ಅವು ನಡೆಯುವುದಿಲ್ಲ.

ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡು. ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿಯನ್ನು 2020ರ ಜನವರಿ 3ರಿಂದ 8,000ದಿಂದ 15,000ಕ್ಕೆ ಏರಿಸಲಾಯಿತು. ಮೂವತ್ತರ ಹರೆಯದವನಿಗೆ ಕೋಷ್ಟಕದಲ್ಲಿರುವ ಗುಣಕ 207.98. ಸಾವಾದರೆ ಸಂಬಳದ ಅರ್ಧವನ್ನು ಇದರಿಂದ ಗುಣಿಸಬೇಕು: 7,500 ಗುಣಿಸು 207.98 ಎಂದರೆ 15,59,850 ರೂಪಾಯಿ. ಮೊದಲು ಹೇಳಿದ ಹೆಬ್ಬೆರಳನ್ನೇ ತೆಗೆದುಕೊ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ಹೋಯಿತೆಂದು ಕಾಯ್ದೆಯ ಪರಿಶಿಷ್ಟವೇ ಹೇಳುತ್ತದೆ. ಪೂರ್ಣ ಅಂಗವಿಕಲತೆಗೆ ಸಂಬಳದ ಶೇ. 60, ಅಂದರೆ 9,000, ಅದೇ ಗುಣಕದಿಂದ ಗುಣಿಸಿದರೆ 18,71,820. ಅದರ ಶೇ. 30 ಎಂದರೆ 5,61,546 ರೂಪಾಯಿ. ಚಿಕಿತ್ಸೆಯ ವೆಚ್ಚ ಇದರಲ್ಲಿ ಸೇರಿಲ್ಲ, ಅದೂ ಮಾಲೀಕನ ತಲೆಯ ಮೇಲೆಯೇ. ಹಿರಿಯರು ಕಟ್ಟಿಸುವ ರಾಜಿಯ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಯಾರಿಗೆ ಅನ್ಯಾಯವಾಗುತ್ತಿದೆ ಎಂಬುದು ತಾನೇ ಕಾಣುತ್ತದೆ.

ಪರಿಶಿಷ್ಟದ ಶೇಕಡಾವಾರೇ ಕೊನೆಯ ಮಾತೂ ಅಲ್ಲ. ಒಡಿಶಾದ ಜೈಪುರ್ ಪಟ್ಟಣದ ಸಿನಿಮಾ ಮಂದಿರದಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು, ಎಡಗೈಯನ್ನು ಮೊಣಕೈ ಮೇಲಿನಿಂದ ಕತ್ತರಿಸಬೇಕಾಯಿತು. ಒಂದೇ ಕೈಯಿಂದ ಬಡಗಿತನ ಆಗದು, ಆದ್ದರಿಂದ ಇದು ಪೂರ್ಣ ನಷ್ಟವೇ ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ಪರಿಹಾರದ ಹೊಣೆ ಅಪಘಾತದ ದಿನವೇ ಹುಟ್ಟುತ್ತದೆ, ಆಯುಕ್ತರ ತೀರ್ಪಿನ ದಿನವಲ್ಲ ಎಂದೂ ಹೇಳಿತು. ತಿಂಗಳೊಳಗೆ ಕೊಡದಿದ್ದರೆ ಹಳೆಯ ಕಾಯ್ದೆಯಲ್ಲಿ ವರ್ಷಕ್ಕೆ ಶೇ. 12 ಬಡ್ಡಿ. ತಡಕ್ಕೆ ಸರಿಯಾದ ಕಾರಣವಿಲ್ಲವಾದರೆ ಮೊತ್ತದ ಅರ್ಧದವರೆಗೆ ದಂಡ.

ಸಾವಿನ ಪ್ರಕರಣದಲ್ಲಿ ಒಳ್ಳೆಯ ಮನಸ್ಸಿನ ಮಾಲೀಕರೇ ಹೆಚ್ಚಾಗಿ ಎಡವುತ್ತಾರೆ. ಮಣ್ಣಿಗೆ ಹೋದ ದಿನವೇ ಹೆಂಡತಿಯ ಕೈಗೆ ರೊಕ್ಕ ಕೊಟ್ಟು ಕಣ್ಣೀರು ಒರೆಸಿ ಬರುತ್ತಾರೆ. ಆದರೆ ಸಾವಿನ ಪರಿಹಾರವನ್ನು ಆಯುಕ್ತರಲ್ಲಿಯೇ ಠೇವಣಿ ಇಡಬೇಕು. ಮೂರು ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟರೆ, ಕೈಗೆ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಕೊಡಬೇಡ ಎಂದಲ್ಲ, ಅವಳಿಗೆ ಅಂದೇ ರೊಕ್ಕ ಬೇಕಾಗಿರುತ್ತದೆ. ಕೊಟ್ಟದ್ದಕ್ಕೆ ಕಾಗದ ಮಾಡಿ, ಉಳಿದದ್ದನ್ನು ಠೇವಣಿ ಇಡು.

ಹಮಾಲರ ವಿಷಯ ಇನ್ನೂ ಸೂಕ್ಷ್ಮ. ಚೀಲಕ್ಕಿಷ್ಟು ಎಂದು ಗುತ್ತೇದಾರ ಮುಕಾದಮನಿಗೆ ಕೊಡುತ್ತೇವೆ, ಅವರು ನಮ್ಮ ಆಳುಗಳಲ್ಲ ಎಂಬುದು ಗಿರಣಿಗಳಲ್ಲಿ ರೂಢಿಯ ಮಾತು. ಆದರೆ ಗಿರಣಿಯ ದಿನನಿತ್ಯದ ಕೆಲಸವನ್ನೇ ಗುತ್ತೇದಾರ ಮಾಡಿಸುತ್ತಿದ್ದರೆ, ಅವನ ಆಳಿಗಾದ ಗಾಯಕ್ಕೆ ಮಾಲೀಕನನ್ನೇ ಹಿಡಿಯಬಹುದು. ಕೊಟ್ಟದ್ದನ್ನು ಗುತ್ತೇದಾರನಿಂದ ವಸೂಲಿ ಮಾಡಿಕೊಳ್ಳುವ ಹಕ್ಕುಂಟು, ಆದರೆ ಮುಕಾದಮನ ಬಳಿ ಅಷ್ಟು ರೊಕ್ಕ ಎಲ್ಲಿಂದ ಬರಬೇಕು?

ಈ ಹೊಣೆಗೆಲ್ಲ ವಿಮೆ ಉಂಟು. ಹತ್ತು ಅಥವಾ ಹೆಚ್ಚು ಮಂದಿ ಇದ್ದು ನೌಕರರ ರಾಜ್ಯ ವಿಮೆ (ಇಎಸ್‌ಐ) ಅನ್ವಯಿಸಿದರೆ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರ ಹೊಣೆಯನ್ನು ಇಎಸ್‌ಐ ನಿಗಮವೇ ಹೊರುತ್ತದೆ. ಮಾಲೀಕನ ವಂತಿಗೆ ಶೇ. 3.25, ನೌಕರನದು ಶೇ. 0.75. ಅದರಿಂದ ಹೊರಗುಳಿದವರಿಗೆ ನೌಕರರ ಪರಿಹಾರ ಪಾಲಿಸಿ ಮಾಡಿಸಬೇಕು. ಇದರ ಪ್ರೀಮಿಯಂ ಕೆಲಸದ ಅಪಾಯವನ್ನೂ ವರ್ಷದ ಒಟ್ಟು ಬಟವಾಡೆಯನ್ನೂ ನೋಡಿ ನಿಗದಿಯಾಗುತ್ತದೆ. ಕಂತು ಉಳಿಸಲು ಇಪ್ಪತ್ತು ಆಳಿನ ಜಾಗದಲ್ಲಿ ಎಂಟು ತೋರಿಸಿದವನು ಅಪಘಾತದ ದಿನ ಪಾಲಿಸಿ ಇದ್ದೂ ಇಲ್ಲದವನಾಗುತ್ತಾನೆ. ಸಣ್ಣ ಅಕ್ಷರಗಳನ್ನೂ ಓದಬೇಕು. ದಂಡ ವಿಮಾ ಕಂಪನಿಯ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಬಡ್ಡಿಯನ್ನೂ ಕರಾರಿನಲ್ಲಿ ಹೊರಗಿಡಬಹುದು ಎಂದು 2006ರಲ್ಲಿ ಹೇಳಿದೆ. ಚಿಕಿತ್ಸೆಯ ವೆಚ್ಚ, ಗುತ್ತಿಗೆ ಆಳುಗಳು ಸೇರಿದ್ದಾರೆಯೇ ಎಂಬುದನ್ನು ಏಜೆಂಟನ ಬಾಯಿಮಾತಿನಲ್ಲಿ ಅಲ್ಲ, ಪಾಲಿಸಿಯ ಕಾಗದದಲ್ಲಿ ನೋಡು.

ಟ್ರ್ಯಾಕ್ಟರ್ ಇರುವ ರೈತರಿಗೂ ಇದು ತಪ್ಪಿದ್ದಲ್ಲ. ಟ್ರ್ಯಾಕ್ಟರಿನಿಂದ ಮಾಡುವ ಬೇಸಾಯ ಹಳೆಯ ಕಾಯ್ದೆಯ ಪಟ್ಟಿಯಲ್ಲೇ ಇತ್ತು. ಇಂಜಿನ್ನಿಗೆ ವಿಮೆ ಮಾಡಿಸಿ ಟ್ರೈಲರನ್ನು ಮರೆಯುವುದು, ಡ್ರೈವರನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂಲಿಯವರನ್ನು ಕೂರಿಸುವುದು ನಮ್ಮ ಕಡೆ ದಿನನಿತ್ಯದ ನೋಟ. ಒಬ್ಬನೇ ಕೂರಬೇಕಾದ ವಾಹನದಲ್ಲಿ ಇನ್ನೊಬ್ಬ ಬಿದ್ದು ಸತ್ತರೆ ಕಂಪನಿ ಕೈ ಜಾಡಿಸುವ ಸಂಭವವೇ ಹೆಚ್ಚು.

ನಿಧಾನವಾಗಿ ಕೊಲ್ಲುವ ರೋಗಗಳೂ ಈ ಕಾನೂನಿನೊಳಗಿವೆ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಬಂದವರಿಗಾಗಿ ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ಮಾಡಿತ್ತು. ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಕಲ್ಲಿನ ಕ್ರಷರ್ ನಡೆಸುವ ನಿನ್ನ ಗೆಳೆಯರಿಗೂ ಇದನ್ನು ತಿಳಿಸು.

ಮುದಗಲ್, ಮಸ್ಕಿ ಸೀಮೆಯ ಎಷ್ಟೋ ಮಂದಿ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಅಲ್ಲಿ ಬಿದ್ದವನ ಮನೆಯವರು ಅಲ್ಲಿಗೇ ಅಲೆಯಬೇಕಿಲ್ಲ. ತಾವು ವಾಸವಿರುವ ಕಡೆಯೇ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು. ಬಿಹಾರದಿಂದ ನಿನ್ನ ಗಿರಣಿಗೆ ಬರುವ ಹುಡುಗನ ತಾಯಿಗೂ ಅದೇ ಹಕ್ಕು ಅಲ್ಲಿ ಉಂಟು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಈ ಹಕ್ಕನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ತಿಳಿಸಬೇಕೆಂದು 2017ರ ತಿದ್ದುಪಡಿ ಹೇಳಿತು, ತಪ್ಪಿದರೆ 50,000ದಿಂದ ಒಂದು ಲಕ್ಷದವರೆಗೆ ದಂಡ ಇಟ್ಟಿತು. ಬರುವ ಸುಗ್ಗಿಗೆ ಮುಂಚೆ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರು, ವಯಸ್ಸು, ನಿಜವಾದ ಕೂಲಿ ಬರೆಸು. ಬಟವಾಡೆಯ ದಿನ ಆ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲೂ ಹಿಂದಿಯಲ್ಲೂ ಓದಿಸಿ, ಒಂದೊಂದು ಪ್ರತಿ ಅವರ ಕೈಗೆ ಕೊಡು.

ಇಂತಿ,
ಮುದಗಲ್ಲಿನಿಂದ ನಿನ್ನ ಹಿತೈಷಿ ಹಿರಿಯ