ತೊಟ್ಟಿಯ ನೀರು ಉಳಿಸಬೇಡಿ, ಮೇವಿನ ನೀರು ಉಳಿಸಿ



ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ಹಿಂದೆ ದನಗಳು ಕೆರೆಯಲ್ಲಿ ನೀರು ಕುಡಿದು ಬರುತ್ತಿದ್ದವು. ಈಗ ಕೊಟ್ಟಿಗೆಯಲ್ಲಿ ಕಟ್ಟಿದ ಮಿಶ್ರತಳಿ ಹಸುವಿಗೆ ಕೊಳವೆಬಾವಿಯೇ ಕೆರೆ. ಹಸುಗಳ ಸಂಖ್ಯೆಗಿಂತ ಹಾಲಿನ ಪ್ರಮಾಣ ನೀರಿನ ಬೇಡಿಕೆಯನ್ನು ಹೆಚ್ಚಿಸಿದೆ.

ಹಾಲಿನಲ್ಲಿ ಸುಮಾರು 87 ಭಾಗ ನೀರೇ ಇದೆ. ಹಸುವಿನ ದೇಹ ನಿರ್ವಹಣೆಗೆ ದಿನಕ್ಕೆ ಸುಮಾರು 35 ಲೀಟರ್, ಜೊತೆಗೆ ಪ್ರತಿ ಲೀಟರ್ ಹಾಲಿಗೆ 3ರಿಂದ 4 ಲೀಟರ್ ನೀರು ಬೇಕು. 12 ಲೀಟರ್ ಕೊಡುವ ಹಸುವಿಗೆ ಕನಿಷ್ಠ 70 ಲೀಟರ್ ಎಂದಾಯಿತು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ಎರಡು, ಸಂಜೆ ಎರಡು ಬಕೆಟ್ ಇಟ್ಟರೆ ಸಾಲದು.

ಇನ್ನೊಂದು ಅಂಶ ಗಮನಿಸಿ. 20 ಕೆ.ಜಿ. ಹಸಿರು ಮೇವಿನಲ್ಲೇ ಸುಮಾರು 15 ಲೀಟರ್ ನೀರಿರುತ್ತದೆ. ಬೇಸಿಗೆಯಲ್ಲಿ ಅದರ ಬದಲು ರಾಗಿಹುಲ್ಲು ಹಾಕಿದಾಗ ಆ 15 ಲೀಟರ್ ಅನ್ನು ತೊಟ್ಟಿಯಿಂದಲೇ ತುಂಬಬೇಕು. ಕೊಳವೆಬಾವಿ ಸೊರಗುವ ಹೊತ್ತಿಗೇ ಹಸುವಿನ ಬಾಯಾರಿಕೆ ಹೆಚ್ಚುತ್ತದೆ. ನೀರು ಕಡಿಮೆಯಾದರೆ ಹಸು ಮೇವು ತಿನ್ನುವುದನ್ನೂ ಕಡಿಮೆ ಮಾಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಹಾಲು ಇಳಿಯುತ್ತದೆ.

ಹಾಗಾದರೆ ನೀರು ಎಲ್ಲಿ ಉಳಿಸಬೇಕು? ಲೆಕ್ಕ ಹಾಕೋಣ. 20 ಗುಂಟೆ ಮೇವಿನ ತಾಕಿಗೆ ಎರಡು ಅಂಗುಲ ನೀರು ಒಮ್ಮೆ ಹಾಯಿಸಿದರೆ ಸುಮಾರು 1 ಲಕ್ಷ ಲೀಟರ್ ಖರ್ಚು. ನಾಲ್ಕು ಹಸುಗಳು ದಿನಕ್ಕೆ 280 ಲೀಟರ್‌ನಂತೆ ಒಂದು ವರ್ಷ ಕುಡಿಯುವ ನೀರೂ ಅಷ್ಟೇ! ಒಂದು ಹಾಯಿಕೆ ಉಳಿದರೆ ವರ್ಷದ ಕುಡಿಯುವ ನೀರು ಉಳಿದಂತೆ.

ಆದ್ದರಿಂದ ಹೀಗೆ ಮಾಡಿ:

1. ನೆರಳಿನಲ್ಲಿ ತೊಟ್ಟಿ ಕಟ್ಟಿಸಿ, ಹಗಲು ರಾತ್ರಿ ನೀರು ಸಿಗುವಂತೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಪಾಚಿ ಉಜ್ಜಿ ತೊಳೆದು ಸುಣ್ಣ ಬಳಿಯಿರಿ.

2. ಮೇವಿನ ತಾಕಿಗೆ ಕಾಲುವೆ ನೀರು ಹಾಯಿಸುವ ಬದಲು ಹನಿ ನೀರಾವರಿ ಅಳವಡಿಸಿ. ಸಾಲುಗಳ ನಡುವೆ ತರಗು ಹೊದಿಸಿ.

3. ಮಳೆಗಾಲದ ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟಿ ಬಲಿಯುವ ಹಂತದಲ್ಲಿ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು ಮಾಡಿ. ಸುಮಾರು 45 ದಿನಗಳ ನಂತರ ಬಳಸಬಹುದು. ಮಳೆಯ ನೀರನ್ನು ಬೇಸಿಗೆಗೆ ಕೂಡಿಟ್ಟಂತೆ.

4. ಕೊಟ್ಟಿಗೆ ತೊಳೆಯುವ ಮೊದಲು ಸಗಣಿ ಬಾಚಿ ತೆಗೆಯಿರಿ. ತೊಳೆದ ನೀರನ್ನು ನೇಪಿಯರ್ ಹುಲ್ಲಿಗೆ ಹರಿಸಿ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಇದರ ಉದ್ದೇಶ ಅಂತರ್ಜಲ ಮರುಪೂರಣ. ಆ ಕೆರೆಗಳ ನೀರನ್ನು ದನಗಳಿಗೆ ನೇರವಾಗಿ ಕುಡಿಸಬೇಡಿ. ಕೊಳವೆಬಾವಿಯ ನೀರನ್ನೂ ಫ್ಲೋರೈಡ್ ಅಂಶಕ್ಕಾಗಿ ಪರೀಕ್ಷೆ ಮಾಡಿಸಿ. ಹಲ್ಲಿನ ಮೇಲೆ ಕಂದು ಕಲೆ, ಕಾರಣವಿಲ್ಲದ ಕುಂಟು ಕಂಡರೆ ಪಶುವೈದ್ಯರಿಗೆ ತೋರಿಸಿ.

ಇಂದೇ ಒಂದು ದಿನ ನಿಮ್ಮ ಹಸು ಕುಡಿಯುವ ನೀರನ್ನು ಬಕೆಟ್‌ನಲ್ಲಿ ಅಳೆದು ಬರೆದಿಡಿ. ಕಡಿಮೆ ಎನಿಸಿದರೆ ಹಿಂಡಿ ಹೆಚ್ಚಿಸುವ ಮೊದಲು ನೀರು ಹೆಚ್ಚಿಸಿ ನೋಡಿ.

– ಪಶುವೈದ್ಯಾಧಿಕಾರಿ